ಪಾಸ್‌ವರ್ಡ್ ಕೇಳುತ್ತಿರುವುದು ಯಾರು?

ಒಂದು ಫೋನು, ಒಂದು ಲ್ಯಾಪ್‌ಟಾಪು, ಒಂದು ಟ್ಯಾಬು, ಮನೆಮಂದಿಯೆಲ್ಲ ಬಳಸುವ ಹಳೇ ಕಂಪ್ಯೂಟರು. ಇಷ್ಟಿದ್ದರೆ ಸಾಕು, ಇವುಗಳಲ್ಲಿ ಯಾವುದಾದರೊಂದು ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ಆಗ ಹೆಚ್ಚಿನವರು ಸಿಟ್ಟಿನಿಂದ ಮತ್ತೆ ಟೈಪ್ ಮಾಡುತ್ತಾರೆ, ಒಪ್ಪದಿದ್ದರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಹೊಸದು ಇಡುತ್ತಾರೆ. ಈ ಎರಡನೇ ದಾರಿ ಕಾಟವನ್ನು ಇನ್ನಷ್ಟು ಬೆಳೆಸುತ್ತದೆ. ಒಂದು ಸಾಧನದಲ್ಲಿ ಹೊಸದಾದ ಪಾಸ್‌ವರ್ಡ್ ಉಳಿದ ಮೂರರಲ್ಲಿ ಆ ಕ್ಷಣದಿಂದಲೇ ಹಳತು.

ನಾನು ಮೊದಲು ಮಾಡುವುದು ಟೈಪಿಸುವುದನ್ನು ನಿಲ್ಲಿಸಿ, ಎದುರಿಗಿರುವ ಪೆಟ್ಟಿಗೆಯನ್ನು ಪೂರ್ತಿ ಓದುವುದು. ಕೇಳುತ್ತಿರುವುದು ಸಾಧನದ ಲಾಕ್ ಪರದೆಯೇ, ಬ್ರೌಸರಿನೊಳಗಿನ ತಾಣವೇ, ಮೇಲ್ ಆ್ಯಪ್ಪೇ, ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುವ ಕೀಚೈನೇ, ಇಲ್ಲಾ ನೆಟ್‌ವರ್ಕಿನಲ್ಲಿರುವ ಇನ್ನೊಂದು ಕಂಪ್ಯೂಟರೇ? ಮೇಲೆ ವಿಳಾಸ ಪಟ್ಟಿ (ಅಡ್ರೆಸ್ ಬಾರ್) ಇದ್ದರೆ ಅದು ತಾಣ. ಇಮೇಲ್ ವಿಳಾಸದ ಜೊತೆಗೆ ಸರ್ವರ್ ಹೆಸರು ಕಂಡರೆ ಮೇಲ್ ಆ್ಯಪ್. ‘ಲಾಗಿನ್ ಕೀಚೈನ್’ ಅಥವಾ ‘ಕೀರಿಂಗ್’ ಎಂದಿದ್ದರೆ ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಪ್ರತಿಯೊಂದೂ ನೆನಪಿಟ್ಟುಕೊಳ್ಳುವ ಜಾಗ ಬೇರೆ, ಮರೆಯುವ ಕಾರಣ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಲಾಕ್ ಪರದೆಯ ವಿಷಯ ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ರಿಪೇರಿ ಮಾಡುವಂಥದ್ದು ಏನೂ ಇಲ್ಲ. ಬೆರಳಚ್ಚು ಸರಿಯಾಗಿ ಕೆಲಸ ಮಾಡುತ್ತಿದ್ದರೂ ಆಂಡ್ರಾಯ್ಡ್ 72 ಗಂಟೆಗೊಮ್ಮೆ ಪಿನ್ ಕೇಳುತ್ತದೆ. ಫೋನಿನ ಮುಖ ಗುರುತಿಸುವ ವ್ಯವಸ್ಥೆ ಕೆಳದರ್ಜೆಯದಾದರೆ 24 ಗಂಟೆಗೊಮ್ಮೆ, ಇಲ್ಲವೇ ನಾಲ್ಕು ಗಂಟೆ ಸುಮ್ಮನೆ ಬಿದ್ದಿದ್ದರೂ ಕೇಳುತ್ತದೆ. ಐಫೋನ್ ರೀಸ್ಟಾರ್ಟ್ ಆದ ಮೇಲೆ, 48 ಗಂಟೆ ಅನ್‌ಲಾಕ್ ಮಾಡದಿದ್ದರೆ, ಐದು ಸಲ ಮುಖವೋ ಬೆರಳೋ ಹೊಂದದಿದ್ದರೆ ಪಾಸ್‌ಕೋಡ್ ಕೇಳಿಯೇ ಕೇಳುತ್ತದೆ. ಫೋನಿನೊಳಗಿನ ಮಾಹಿತಿಯ ಗೂಢಲಿಪಿ ಬಿಚ್ಚುವ ಕೀಲಿ ತಯಾರಾಗುವುದು ಆ ಅಂಕಿಗಳ ನೆರವಿನಿಂದ, ಬೆರಳಿನಿಂದಲ್ಲ. ರೀಸ್ಟಾರ್ಟ್ ಆದ ಐಫೋನಿಗೆ ಪಾಸ್‌ಕೋಡ್ ಹಾಕುವ ಮೊದಲೇ ಕರೆ ಬಂದರೆ ಹೆಸರು ಬಾರದೆ ಬರೀ ನಂಬರ್ ಬರುವುದನ್ನು ಗಮನಿಸಿ. ಸಂಪರ್ಕಗಳ ಪಟ್ಟಿಯ ಬೀಗ ಇನ್ನೂ ತೆರೆದಿಲ್ಲ ಎಂದು ಅರ್ಥ. ಈ ಕೇಳಿಕೆಗಳನ್ನು ತಪ್ಪಿಸಲು ಹೋಗಬೇಡಿ.

ನಿಜವಾದ ಕೆಲಸ ಶುರುವಾಗುವುದು ಬ್ರೌಸರಿನಲ್ಲಿ. ತಾಣವೊಂದು ನಿಮ್ಮನ್ನು ನೆನಪಿಟ್ಟುಕೊಳ್ಳುವುದು ಕುಕಿಯ ಮೂಲಕ, ಅಂದರೆ ಅದು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತುಚೀಟಿಯ ಮೂಲಕ. ಕುಕಿ ಹೋದರೆ ಲಾಗಿನ್ ಹೋಯಿತು. ಹಾಗಾಗಿ ಕುಕಿಯ ಆಯಸ್ಸು ಎಷ್ಟೆಂದು ನೋಡಿಯೇ ಮುಂದುವರಿಯುತ್ತೇನೆ. ಲ್ಯಾಪ್‌ಟಾಪಿನಲ್ಲಿ ಆ ತಾಣಕ್ಕೆ ಲಾಗಿನ್ ಆಗಿ, ಎಫ್12 ಕೀ ಒತ್ತಿ, ಕ್ರೋಮ್ ಅಥವಾ ಎಡ್ಜ್ ಆದರೆ ‘ಅಪ್ಲಿಕೇಶನ್’, ಫೈರ್‌ಫಾಕ್ಸ್ ಆದರೆ ‘ಸ್ಟೋರೇಜ್’ ಎಂಬ ಟ್ಯಾಬಿನಲ್ಲಿ ‘ಕುಕೀಸ್’ ತೆರೆಯಬೇಕು. ‘ಎಕ್ಸ್‌ಪೈರ್ಸ್’ ಎಂದು ಶುರುವಾಗುವ ಕಾಲಮ್ಮಿನಲ್ಲಿ ದಿನಾಂಕ ಇದ್ದರೆ ಅಲ್ಲಿಯವರೆಗೆ ಕುಕಿ ಉಳಿಯಬೇಕು. ‘ಸೆಷನ್’ ಎಂದಿದ್ದರೆ ಬ್ರೌಸರ್ ಮುಚ್ಚಿದೊಡನೆ ಅಳಿಸಿಹೋಗುತ್ತದೆ. ಎಲ್ಲ ಸಾಲುಗಳನ್ನೂ ಅರ್ಥ ಮಾಡಿಕೊಳ್ಳಬೇಕಿಲ್ಲ. ಹೆಸರಿನಲ್ಲಿ ‘ಸೆಷನ್’, ‘ಆಥ್’, ‘ಟೋಕನ್’ ಇರುವ ಸಾಲುಗಳನ್ನು ನೋಡಿದರೆ ಸಾಮಾನ್ಯವಾಗಿ ಸಾಕು.

ದಿನಾಂಕ ಮುಂದಿನ ತಿಂಗಳದ್ದಿದ್ದೂ ನಾಳೆಯೇ ಮತ್ತೆ ಪಾಸ್‌ವರ್ಡ್ ಕೇಳಿದರೆ, ಹೆಚ್ಚಾಗಿ ನಿಮ್ಮ ಕಡೆಯೇ ಏನೋ ಕುಕಿಯನ್ನು ಅಳಿಸುತ್ತಿದೆ. ‘ಬ್ರೌಸರ್ ಮುಚ್ಚಿದಾಗ ಕುಕಿ ಅಳಿಸು’ ಎಂಬ ಸೆಟ್ಟಿಂಗ್ ಇರಬಹುದು, ‘ಕ್ಲೀನರ್’ ಎಂದು ಹೇಳಿಕೊಳ್ಳುವ ಸಾಫ್ಟ್‌ವೇರ್ ಇರಬಹುದು, ಖಾಸಗಿ ಕಿಟಕಿಯಲ್ಲಿ (ಇನ್‌ಕಾಗ್ನಿಟೊ) ತೆರೆಯುವ ಅಭ್ಯಾಸ ಇರಬಹುದು. ಕುಕಿ ಅಳಿಸುವ ಸೆಟ್ಟಿಂಗ್ ಬೇಕೇ ಬೇಕು ಎನ್ನುವವರು ಅದನ್ನು ಹಾಗೇ ಬಿಟ್ಟು, ದಿನಬಳಕೆಯ ನಾಲ್ಕೈದು ತಾಣಗಳನ್ನು ವಿನಾಯಿತಿ ಪಟ್ಟಿಗೆ ಸೇರಿಸಿದರಾಯಿತು. ಕ್ಲೀನರ್‌ಗಳ ಬಗ್ಗೆ ನನಗೆ ಕನಿಕರವಿಲ್ಲ, ತೆಗೆದುಹಾಕಿಬಿಡುತ್ತೇನೆ.

ಬ್ರೌಸರೇ ಹಾಕುವ ಮಿತಿಗಳೂ ಇವೆ. 2022ರಿಂದ ಕ್ರೋಮ್ ಯಾವ ಕುಕಿಯನ್ನೂ 400 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಸಫಾರಿಯಲ್ಲಿ ಪುಟದೊಳಗಿನ ಜಾವಾಸ್ಕ್ರಿಪ್ಟ್ ಬರೆದ ಕುಕಿಗೆ ಏಳೇ ದಿನ. ಒಂದೇ ತಾಣ ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದು, ಟ್ಯಾಬಿನ ಸಫಾರಿಯಲ್ಲಿ ವಾರಕ್ಕೊಮ್ಮೆ ಹೊರಗೆ ಹಾಕುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಆ ತಾಣಕ್ಕೆ ಆ್ಯಪ್ ಇದ್ದರೆ ಟ್ಯಾಬಿನಲ್ಲಿ ಅದನ್ನೇ ಬಳಸುವುದು ಸುಲಭ. ಬ್ಯಾಂಕಿನ ತಾಣ ಕೆಲವೇ ನಿಮಿಷಕ್ಕೆ ಹೊರಗೆ ಹಾಕಿದರೆ ಅದು ಬ್ಯಾಂಕು ಬೇಕೆಂದೇ ಇಟ್ಟ ನಿಯಮ, ನಿಮ್ಮ ಸೆಟ್ಟಿಂಗ್ ಬದಲಾಯಿಸಿ ಪ್ರಯೋಜನವಿಲ್ಲ.

ಇನ್ನು ಮೇಲ್. ಸಾಧನಗಳ ಸಂಖ್ಯೆ ಹೆಚ್ಚಿದಷ್ಟೂ ತಲೆನೋವು ಹೆಚ್ಚುವುದು ಇಲ್ಲೇ. ಮೇಲ್ ಆ್ಯಪ್‌ಗಳು ಯಾರೂ ಮುಟ್ಟದಿದ್ದರೂ ಕೆಲವು ನಿಮಿಷಕ್ಕೊಮ್ಮೆ ತಾವಾಗಿಯೇ ಸರ್ವರಿನ ಬಾಗಿಲು ತಟ್ಟುತ್ತವೆ. ಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿಸಿದಿರಿ ಎನ್ನಿ. ಕಪಾಟಿನಲ್ಲಿರುವ ಹಳೇ ಟ್ಯಾಬು ಚಾರ್ಜಿಗೆ ಹಾಕಿದೊಡನೆ ಎದ್ದು ಹಳೇ ಪಾಸ್‌ವರ್ಡ್ ಹಿಡಿದು ತಟ್ಟತೊಡಗುತ್ತದೆ. ತಪ್ಪು ಪ್ರಯತ್ನಗಳು ಜಾಸ್ತಿಯಾದಂತೆ ಸರ್ವರ್ ಖಾತೆಯನ್ನೇ ಸ್ವಲ್ಪ ಹೊತ್ತು ತಡೆಯಬಹುದು. ಆಗ ಸರಿಯಾದ ಪಾಸ್‌ವರ್ಡ್ ಇರುವ ಫೋನೂ ಮತ್ತೆ ಕೇಳುತ್ತದೆ. ಹೊಸ ಪಾಸ್‌ವರ್ಡೇ ತಪ್ಪೆಂದುಕೊಂಡು ಇನ್ನೊಮ್ಮೆ ಬದಲಾಯಿಸಿದರೆ ಈ ಸುತ್ತಿಗೆ ಕೊನೆಯೇ ಇಲ್ಲ.

ಅದಕ್ಕೆ ನಾನು ಅನುಸರಿಸುವ ಕ್ರಮ ಹೀಗಿದೆ. ಖಾತೆಯ ಭದ್ರತಾ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಇರುತ್ತದೆ, ಮೊದಲು ಅದನ್ನು ತೆರೆಯುತ್ತೇನೆ. ಕೈಯಲ್ಲಿಲ್ಲದ, ಬಳಸದ ಸಾಧನಗಳನ್ನೆಲ್ಲ ಅಲ್ಲಿಂದಲೇ ಹೊರಗೆ ಹಾಕುತ್ತೇನೆ. ಆಮೇಲೆ ಒಂದನ್ನು ಬಿಟ್ಟು ಉಳಿದ ಸಾಧನಗಳ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡುತ್ತೇನೆ. ಉಳಿದ ಆ ಒಂದರಲ್ಲಿ ಪಾಸ್‌ವರ್ಡ್ ಬದಲಾಯಿಸಿ, ಮೇಲ್ ಬರುವುದನ್ನೂ ಹೋಗುವುದನ್ನೂ ಪರೀಕ್ಷಿಸುತ್ತೇನೆ. ಮಿಕ್ಕ ಸಾಧನಗಳಲ್ಲಿ ಖಾತೆಯನ್ನು ತಿದ್ದುವ ಬದಲು ಪೂರ್ತಿ ತೆಗೆದು ಮತ್ತೆ ಸೇರಿಸುತ್ತೇನೆ, ಒಂದೊಂದಾಗಿ. ಐಮ್ಯಾಪ್ ಖಾತೆಯಾದರೆ ಮೇಲ್‌ಗಳ ಮೂಲ ಪ್ರತಿ ಸರ್ವರಿನಲ್ಲೇ ಇರುತ್ತದೆ, ತೆಗೆದರೂ ಹೋಗುವುದಿಲ್ಲ. ಪಾಪ್ ಖಾತೆಯಾದರೆ ಮಾತ್ರ ಎಚ್ಚರ. ಮೇಲ್‌ಗಳು ಆ ಸಾಧನದಲ್ಲಷ್ಟೇ ಉಳಿದಿರಬಹುದು, ಬ್ಯಾಕಪ್ ಇಲ್ಲದೆ ತೆಗೆಯಬೇಡಿ.

ತಿದ್ದುವುದು ಯಾಕೆ ಸಾಲದು? ಮೇಲ್ ಖಾತೆಯಲ್ಲಿ ಪಾಸ್‌ವರ್ಡ್ ಎರಡು ಕಡೆ ಕೂತಿರುತ್ತದೆ. ಮೇಲ್ ತರುವ ಐಮ್ಯಾಪ್ ಸರ್ವರಿಗೊಂದು, ಸಾಮಾನ್ಯವಾಗಿ 993ನೇ ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ). ಕಳಿಸುವ ಎಸ್‌ಎಂಟಿಪಿ ಸರ್ವರಿಗೆ ಇನ್ನೊಂದು, 587 ಅಥವಾ 465. ಸೆಟ್ಟಿಂಗ್ಸಿನಲ್ಲಿ ಕಣ್ಣಿಗೆ ಬೀಳುವುದು ಮೊದಲನೆಯದು. ಎರಡನೆಯದು ‘ಔಟ್‌ಗೋಯಿಂಗ್ ಸರ್ವರ್’ ಎಂಬ ಸಾಲಿನ ಹಿಂದೆ ಅಡಗಿರುತ್ತದೆ. ಮೇಲ್ ಬರುತ್ತಿದೆ, ಕಳಿಸುವಾಗ ಮಾತ್ರ ಪಾಸ್‌ವರ್ಡ್ ಕೇಳುತ್ತದೆ ಎಂದಾದರೆ ಅಲ್ಲಿ ಹಳತು ಉಳಿದಿದೆ. ಕ್ಯಾಲೆಂಡರ್, ಸಂಪರ್ಕಗಳನ್ನು ಬೇರೆ ಖಾತೆಯಾಗಿ ಸೇರಿಸಿದ್ದರೆ ಅವೂ ತಮ್ಮ ಪಾಲಿನ ಹಳೇ ಪಾಸ್‌ವರ್ಡನ್ನು ಹಿಡಿದುಕೊಂಡಿರುತ್ತವೆ.

ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಪುರಾವೆಯನ್ನೂ ಕೇಳುವ ವ್ಯವಸ್ಥೆ) ಇರುವ ಗೂಗಲ್ ಖಾತೆಯನ್ನು ಹಳೇ ಮೇಲ್ ಆ್ಯಪ್ಪಿಗೆ ಸೇರಿಸುವಾಗ ಮಾಮೂಲಿ ಪಾಸ್‌ವರ್ಡ್ ನಡೆಯುವುದೇ ಇಲ್ಲ, ನೂರು ಸಲ ಸರಿಯಾಗಿ ಟೈಪ್ ಮಾಡಿದರೂ ಅಷ್ಟೇ. ಆ್ಯಪ್ಪಿಗೆಂದೇ ಕೊಡುವ 16 ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಪಡೆದು ಹಾಕಬೇಕು. ಸಾಧನಕ್ಕೊಂದರಂತೆ ಬೇರೆ ಬೇರೆ ಪಡೆದು ‘ಹಳೇ ಟ್ಯಾಬು’, ‘ಲ್ಯಾಪ್‌ಟಾಪು’ ಎಂದು ಹೆಸರಿಟ್ಟರೆ ಮುಂದೆ ಒಂದನ್ನಷ್ಟೇ ರದ್ದು ಮಾಡಬಹುದು. ಇದರಲ್ಲೊಂದು ತೊಡಕು ಇದೆ: ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಾಯಿಸಿದೊಡನೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ‘ನಿನ್ನೆವರೆಗೆ ಸರಿ ಇತ್ತು’ ಎನ್ನುವ ದೂರುಗಳಲ್ಲಿ ಇದೂ ಸೇರಿರುತ್ತದೆ.

ಕೀಚೈನಿನ ಕಾಟದಲ್ಲಿ ಜನ ದಿಕ್ಕೆಡುವುದು ಪೆಟ್ಟಿಗೆ ಯಾವ ಪಾಸ್‌ವರ್ಡ್ ಕೇಳುತ್ತಿದೆ ಎಂದೇ ತಿಳಿಯದೆ. ಮ್ಯಾಕಿನಲ್ಲಿ ಲಾಗಿನ್ ಪಾಸ್‌ವರ್ಡನ್ನು ಮರೆತು ರೀಸೆಟ್ ಮಾಡಿದರೆ ‘ಲಾಗಿನ್’ ಕೀಚೈನ್ ಹಳೇ ಪಾಸ್‌ವರ್ಡಿನ ಬೀಗದಲ್ಲೇ ಉಳಿಯಬಹುದು. ಆಮೇಲೆ ಮೇಲ್, ಬ್ರೌಸರ್, ವೈಫೈ ಒಂದಾದ ಮೇಲೊಂದು ಕೇಳತೊಡಗುತ್ತವೆ. ಹಳತು ನೆನಪಿದ್ದರೆ ಕೀಚೈನ್ ಆ್ಯಕ್ಸೆಸ್ ತೆರೆದು ಆ ಕೀಚೈನಿನ ಪಾಸ್‌ವರ್ಡನ್ನು ಈಗಿನ ಲಾಗಿನ್ ಪಾಸ್‌ವರ್ಡಿಗೆ ಬದಲಾಯಿಸಿ. ನೆನಪಿಲ್ಲದಿದ್ದರೆ ಹೊಸ ಕೀಚೈನ್ ಮಾಡುವುದೊಂದೇ ದಾರಿ. ಹಳೆಯದರಲ್ಲಿ ಉಳಿಸಿಟ್ಟದ್ದು ಸಿಗುವುದಿಲ್ಲ.

ಲಿನಕ್ಸಿನಲ್ಲಿ ಇದೇ ಕಥೆಗೆ ಇನ್ನೊಂದು ರೂಪ. ಆಟೋಲಾಗಿನ್ ಅಥವಾ ಬೆರಳಚ್ಚಿನಿಂದ ಒಳಗೆ ಹೋದರೆ ಕೀರಿಂಗ್ (ಕೀಚೈನಿಗೆ ಇಲ್ಲಿನ ಹೆಸರು) ತೆರೆಯಲು ಬೇಕಾದ ಪಾಸ್‌ವರ್ಡನ್ನು ಯಾರೂ ಕೊಟ್ಟಿರುವುದಿಲ್ಲ, ಹಾಗಾಗಿ ಬ್ರೌಸರ್ ತೆರೆದೊಡನೆ ಅದು ಕೇಳುತ್ತದೆ. ಲಾಗಿನ್ ಆಗುವಾಗಲೇ ಪಾಸ್‌ವರ್ಡ್ ಟೈಪ್ ಮಾಡುವುದು ಸರಿಯಾದ ಪರಿಹಾರ. ಕೀರಿಂಗಿಗೆ ಖಾಲಿ ಪಾಸ್‌ವರ್ಡ್ ಇಟ್ಟರೆ ಕೇಳುವುದು ನಿಲ್ಲುತ್ತದೆ, ಆದರೆ ಒಳಗಿರುವುದೆಲ್ಲ ಬೀಗವಿಲ್ಲದ ಸಾದಾ ಪಠ್ಯವಾಗಿ ಡಿಸ್ಕಿನಲ್ಲಿ ಕೂರುತ್ತದೆ. ಪೂರ್ತಿ ಡಿಸ್ಕಿಗೆ ಎನ್‌ಕ್ರಿಪ್ಷನ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ನಾನು ಹಾಗೆ ಮಾಡುವುದಿಲ್ಲ.

ವಿಂಡೋಸಿನಲ್ಲಿ ಮನೆಯ ಇನ್ನೊಂದು ಕಂಪ್ಯೂಟರಿನ ಫೋಲ್ಡರ್ ತೆರೆಯಲು ಹೋದಾಗ ಪಿನ್ ಹಾಕಿ ಸೋಲುವವರೇ ಬಹಳ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ನೆಟ್‌ವರ್ಕಿನಾಚೆ ಅದಕ್ಕೆ ಬೆಲೆಯಿಲ್ಲ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಬಳಕೆದಾರ ಖಾತೆ ಮಾಡಿ, ಅದಕ್ಕೆ ಪಾಸ್‌ವರ್ಡ್ ಕೊಟ್ಟು, ಫೋಲ್ಡರಿನ ಅನುಮತಿ ಅದಕ್ಕೆ ನೀಡುತ್ತೇನೆ. ತೆರೆಯುವ ಕಂಪ್ಯೂಟರಿನಲ್ಲಿ ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರಿಗೆ ಹೋಗಿ ಆ ಯಂತ್ರದ ಹಳೇ ನಮೂದುಗಳನ್ನು ಅಳಿಸಿ ಹೊಸದನ್ನು ಸೇರಿಸುತ್ತೇನೆ. ಬಳಕೆದಾರನ ಹೆಸರಿನ ಜಾಗದಲ್ಲಿ ಮೊದಲು ಆ ಕಂಪ್ಯೂಟರಿನ ಹೆಸರು, ನಂತರ ಬ್ಯಾಕ್‌ಸ್ಲ್ಯಾಶ್, ನಂತರ ಖಾತೆಯ ಹೆಸರು. ಇಷ್ಟಾದರೂ 1219 ಎಂಬ ದೋಷಸಂಖ್ಯೆ ಬಂದರೆ, ಅದೇ ಯಂತ್ರಕ್ಕೆ ಬೇರೆ ಹೆಸರಿನಲ್ಲಿ ಈಗಾಗಲೇ ಒಂದು ಸಂಪರ್ಕ ತೆರೆದಿದೆ ಎಂದರ್ಥ. ಸೈನ್ ಔಟ್ ಆಗಿ ಮತ್ತೆ ಒಳಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಗಡಿಯಾರವನ್ನೂ ನೋಡಿ. ಎರಡನೇ ಹಂತಕ್ಕೆ ಆಥೆಂಟಿಕೇಟರ್ ಆ್ಯಪ್ ಕೊಡುವ ಆರಂಕಿಯ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನಿನ ಸಮಯ ಎರಡು ಮೂರು ನಿಮಿಷ ತಪ್ಪಿದ್ದರೂ ಕೋಡ್ ಒಪ್ಪುವುದಿಲ್ಲ, ತಾಣ ಮೊದಲ ಪುಟಕ್ಕೆ ವಾಪಸ್ ಕಳಿಸುತ್ತದೆ, ನಮಗದು ಪಾಸ್‌ವರ್ಡ್ ತಪ್ಪಾದಂತೆ ಕಾಣುತ್ತದೆ. ಹಳೇ ಡೆಸ್ಕ್‌ಟಾಪು ಪ್ರತಿ ಸಲ ಆನ್ ಮಾಡಿದಾಗ ಹಿಂದಿನ ವರ್ಷಗಳ ದಿನಾಂಕ ತೋರಿಸಿದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಹೆಚ್ಚಿನವುಗಳಲ್ಲಿ ಅದು ಸಿಆರ್2032 ಎಂಬ ನಾಣ್ಯದಾಕಾರದ ಸೆಲ್. ಪವರ್ ತಂತಿ ಕಿತ್ತು ಬದಲಾಯಿಸಿ, ದಿನಾಂಕ ಸರಿಪಡಿಸಿ.

ಇದೆಲ್ಲ ಆದ ಮೇಲೇ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಬೀಗದಡಿ ಇಟ್ಟು ಬೇಕಾದಾಗ ತುಂಬುವ ಆ್ಯಪ್. ಮೊದಲೇ ಹಾಕಿದರೆ ಗೋಜಲಿನ ಮೇಲೆ ಇನ್ನೊಂದು ಗೋಜಲು. ಎಲ್ಲ ಸಾಧನಗಳಲ್ಲೂ ನಡೆಯುವ ಒಂದನ್ನು ಆಯ್ದು, ಬ್ರೌಸರಿನ ಸ್ವಂತ ಉಳಿಸುವ ಸೌಲಭ್ಯವನ್ನೂ ಫೋನಿನ ಇತರ ಆಟೋಫಿಲ್ (ತಾನಾಗಿ ತುಂಬುವ) ಸೇವೆಗಳನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಮೂರು ಜನ ಮೂರು ಪಾಸ್‌ವರ್ಡ್ ಉಳಿಸಿಕೊಂಡು, ಅದರಲ್ಲಿ ಹಳತನ್ನೇ ತುಂಬುವವನೊಬ್ಬ ಇದ್ದೇ ಇರುತ್ತಾನೆ. ಬ್ರೌಸರಿನಿಂದ ರಫ್ತು ಮಾಡಿದ ಸಿಎಸ್‌ವಿ ಕಡತದಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂತಿರುತ್ತವೆ. ಆಮದು ಆದ ತಕ್ಷಣ ಕಡತ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಕ್ಲೌಡಿಗೆ ಸಿಂಕ್ ಆಗುವ ಫೋಲ್ಡರಿನಲ್ಲಿ ಅದನ್ನು ಇಳಿಸಲೇಬೇಡಿ.

ಮ್ಯಾನೇಜರೇ ಪದೇ ಪದೇ ಕೇಳುತ್ತದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಒಂದೇ ಸೆಟ್ಟಿಂಗ್. ಬಿಟ್‌ವಾರ್ಡನ್‌ನಂಥವುಗಳಲ್ಲಿ ಅವಧಿ ಮುಗಿದಾಗ ‘ಲಾಕ್’ ಆಗಬೇಕೋ ‘ಲಾಗ್ ಔಟ್’ ಆಗಬೇಕೋ ಎಂದು ಆರಿಸಬಹುದು. ಲಾಕ್ ಆದರೆ ಎನ್‌ಕ್ರಿಪ್ಟ್ ಆದ ಪ್ರತಿ ಸಾಧನದಲ್ಲೇ ಉಳಿಯುತ್ತದೆ, ಬೆರಳು ಇಟ್ಟರೆ ತೆರೆಯುತ್ತದೆ. ಲಾಗ್ ಔಟ್ ಆದರೆ ಆ ಪ್ರತಿಯೂ ಹೋಗಿ, ಇಂಟರ್ನೆಟ್, ಮಾಸ್ಟರ್ ಪಾಸ್‌ವರ್ಡ್, ಎರಡನೇ ಹಂತ ಎಲ್ಲವೂ ಮತ್ತೆ ಬೇಕು. ಸ್ವಂತ ಸಾಧನಗಳಲ್ಲಿ ನಾನು ಇಡುವುದು ಲಾಕ್; ಫೋನಿನಲ್ಲಿ ಕೂಡಲೇ, ಲ್ಯಾಪ್‌ಟಾಪಿನಲ್ಲಿ 15 ನಿಮಿಷಕ್ಕೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಮಾತ್ರ ಲಾಗ್ ಔಟ್. ಮಾಸ್ಟರ್ ಪಾಸ್‌ವರ್ಡಿಗೆ ದಾಳ ಉರುಳಿಸಿ ಆಯ್ದ ಆರು ಪದ ಸಾಕು. 7,776 ಪದಗಳ ಪಟ್ಟಿಯಿಂದ ಆಯ್ದರೆ ಸುಮಾರು 77 ಬಿಟ್ ಬಲ, ಅಂದರೆ ಸುಮಾರು 2ರ 77ನೇ ಘಾತದಷ್ಟು ಸಾಧ್ಯತೆಗಳು ಬರುತ್ತವೆ. ಅದನ್ನೂ ರಿಕವರಿ ಕೋಡನ್ನೂ ಕಾಗದದಲ್ಲಿ ಬರೆದು ಬೀಗದೊಳಗಿಡಿ, ಫೋನಿನ ಗ್ಯಾಲರಿಯಲ್ಲಿ ಅಲ್ಲ.

ಪಾಸ್‌ಕೀ (ಪಾಸ್‌ವರ್ಡಿನ ಬದಲು ಸಾಧನದಲ್ಲೋ ಮ್ಯಾನೇಜರಿನಲ್ಲೋ ಉಳಿಯುವ ಡಿಜಿಟಲ್ ಕೀಲಿ) ಕೊಡುವ ತಾಣಗಳಲ್ಲಿ ಅದಕ್ಕೇ ಬದಲಾಗುತ್ತಿದ್ದೇನೆ. ಮಾಡುವಾಗ ‘ಎಲ್ಲಿ ಉಳಿಸಲಿ’ ಎಂಬ ಪ್ರಶ್ನೆಯನ್ನು ಓದದೆ ಒತ್ತಬೇಡಿ. ವಿಂಡೋಸಿನ ಆ ಒಂದು ಯಂತ್ರದಲ್ಲಷ್ಟೇ ಉಳಿಸಿದರೆ ಫೋನಿನಲ್ಲಿ ಮತ್ತೆ ಪಾಸ್‌ವರ್ಡೇ ಗತಿ. ಎಲ್ಲ ಕಡೆ ಸಿಂಕ್ ಆಗುವ ಮ್ಯಾನೇಜರನ್ನೇ ಆರಿಸಬೇಕು.

ಎಲ್ಲ ಸರಿಮಾಡಿದ ಮೇಲೂ ಒಂದು ತಾಣದಲ್ಲಿ ಮ್ಯಾನೇಜರ್ ಪಾಸ್‌ವರ್ಡ್ ತುಂಬದೆ ಸುಮ್ಮನಿದ್ದರೆ, ನಕಲು ಮಾಡಿ ಅಂಟಿಸುವ ಮುನ್ನ ವಿಳಾಸ ಪಟ್ಟಿ ನೋಡಿ. ತಾಣ ತನ್ನ ಲಾಗಿನ್ ಪುಟವನ್ನು ಬೇರೆ ವಿಳಾಸಕ್ಕೆ ಸಾಗಿಸಿರಬಹುದು. ತಾಣದ ಮುಖಪುಟದಿಂದ ಹೊರಟು ಅಲ್ಲಿಗೇ ತಲುಪಿದರೆ ಅದೇ ನಮೂದಿಗೆ ಆ ವಿಳಾಸವನ್ನೂ ಸೇರಿಸಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಆ ಪುಟಕ್ಕೆ ಬಂದಿದ್ದರೆ, ನೋಡಲು ಎಷ್ಟೇ ಪರಿಚಿತವಾಗಿದ್ದರೂ ಏನನ್ನೂ ತುಂಬದೆ ಮುಚ್ಚಿಬಿಡಿ.