ಬರ್ಬನ್, ರೈ ಹೋಲಿಸುವ ಮುಂಚೆ ಸ್ವಲ್ಪ ನೀರು
ಬರ್ಬನ್ (ಗೋವಿನಜೋಳದ ಅಮೆರಿಕನ್ ವಿಸ್ಕಿ) ಮತ್ತು ರೈ ವಿಸ್ಕಿ (ರೈ ಎಂಬ ಗೋಧಿಯಂಥ ಕಾಳಿನದು) ಪಕ್ಕಪಕ್ಕ ಇಟ್ಟು ರುಚಿ ನೋಡುವವರು ಮೊದಲು ಎರಡರ ಆಲ್ಕೋಹಾಲ್ ಪ್ರಮಾಣ ಸಮ ಮಾಡಿಕೊಳ್ಳಿ. ಒಂದು 50%, ಇನ್ನೊಂದು 40% ಇದೆ ಅಂದುಕೊಳ್ಳಿ. ಸ್ಟ್ರಾಂಗ್ ಇರುವುದರ 30 ಎಂ.ಎಲ್.ಗೆ 7.5 ಎಂ.ಎಲ್. ನೀರು ಹಾಕಿ. ಅಳೆಯಲು ಔಷಧಿ ಸಿರಪ್ ಬಾಟಲಿಯ ಅಳತೆ ಗೆರೆಯ ಮುಚ್ಚಳ ಸಾಕು. ಆಲ್ಕೋಹಾಲ್ ಜಾಸ್ತಿ ಇದ್ದಾಗ ನಾಲಿಗೆ ಉರಿಯುತ್ತದೆ, ಆ ಉರಿಯನ್ನೇ ನಾವು ರೈ ಕಾಳಿನ ಖಾರ ಅಂದುಕೊಳ್ಳುತ್ತೇವೆ. ಬರ್ಬನ್ ಮಾಡುವ ಕಾಳುಗಳಲ್ಲಿ ಕನಿಷ್ಠ 51% ಗೋವಿನಜೋಳ, ಅಮೆರಿಕದ ರೈ ವಿಸ್ಕಿಯ ಕಾಳುಗಳಲ್ಲಿ ಕನಿಷ್ಠ 51% ರೈ ಇರಬೇಕು. ಎರಡೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಟ್ಟಂಥವು. ಹಾಗಾಗಿ ಸಮ ಮಾಡಿದ ಮೇಲೆ ಕಾಳಿನ ರುಚಿ ಚೆನ್ನಾಗಿ ಗೊತ್ತಾಗುತ್ತದೆ. ನೀರು ಮಾತ್ರ ಫಿಲ್ಟರಿನದೇ ಇರಲಿ. ನಮ್ಮ ವಿಜಯಪುರದ ಕಡೆಯ ಬೋರ್‌ವೆಲ್ಲಿನ ಸವಳು ನೀರು ಬೆರೆಸಿದರೆ ದುಬಾರಿ ಬಾಟಲಿ ಸುಮ್ನೆ ಹಾಳು! ಐಸ್ ಕೂಡ ಬೇಡ, ವಾಸನೆ ಅಡಗುತ್ತದೆ. ಏಪ್ರಿಲ್ ಸೆಕೆಗೆ ಬೇಕಾದರೆ ಗ್ಲಾಸನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ರೈ ಜಾಸ್ತಿ ಹಾಕಿದ ಬರ್ಬನ್ನು, 51%ರ ಅಂಚಿನಲ್ಲಿರುವ ರೈ ಎದುರಾದರೆ ಈ ಉಪಾಯವೂ ಅಷ್ಟು ನಡೆಯುವುದಿಲ್ಲ. ಅವೆರಡು ಅಣ್ಣತಮ್ಮಂದಿರ ಹಾಗೆ, ಬೇಗ ಗುರುತು ಸಿಗುವುದಿಲ್ಲ.