ಆರು ಕೋಳಿ ಮೇವು ಬಿಟ್ಟಾಗ

ವಿಷು ಕಳೆದು ಎರಡು ದಿನ ಆಗಿತ್ತು. ಸಂಜೆ ಗೂಡಿನ ಬಾಗಿಲು ಹಾಕಲು ಹೋದರೆ, ಬೆಳಿಗ್ಗೆ ತಟ್ಟೆಗೆ ಹಾಕಿದ ಮೇವು ಅರ್ಧಕ್ಕಿಂತ ಜಾಸ್ತಿ ಹಾಗೇ ಬಿದ್ದಿತ್ತು. ಆರು ಕೋಳಿಗೆ ದಿನಕ್ಕೆ 600 ಗ್ರಾಂ ಹಾಕುತ್ತೇನೆ, ಒಂದಕ್ಕೆ 100 ಗ್ರಾಂ ಲೆಕ್ಕ. ಉಳಿದದ್ದನ್ನು ತೂಗಿದೆ, 350 ಗ್ರಾಂ ಇತ್ತು. ಮರುದಿನವೂ ಅಷ್ಟೇ. ದಿನಕ್ಕೆ ನಾಲ್ಕೈದು ಸಿಗುತ್ತಿದ್ದ ಮೊಟ್ಟೆ ಎರಡಕ್ಕೆ ಇಳಿಯಿತು. ಅದರಲ್ಲೂ ಒಂದರ ಸಿಪ್ಪೆ ಎಷ್ಟು ತೆಳ್ಳಗಿತ್ತೆಂದರೆ, ಎತ್ತಿದ ಕೂಡಲೇ ಬೆರಳು ಒಳಗೆ ಹೋಯಿತು.

ನಮ್ಮ ಮನೆ ಕಾಸರಗೋಡಿನ ಬಾಯಾರಿನಲ್ಲಿ, ಗುಡ್ಡದ ಬುಡದಲ್ಲಿ. ಮೊಟ್ಟೆಗಾಗಿ ಸಾಕುವ ಗ್ರಾಮಪ್ರಿಯ ತಳಿಯ ಆರು ಕೋಳಿ, ಐದು ಊರ ಕೋಳಿ ಇವೆ. ಕೀರಿಯ ಕಾಟ ಜಾಸ್ತಿ. ಗ್ರಾಮಪ್ರಿಯಕ್ಕೆ ಊರ ಕೋಳಿಯಷ್ಟು ಚುರುಕು ಸಾಲದು, ಹಾಗಾಗಿ ಅವನ್ನು ಬಲೆ ಕಟ್ಟಿದ ಜಾಗದಲ್ಲೇ ಬಿಡುತ್ತೇನೆ. ಊರ ಕೋಳಿಗಳು ಬೆಳಿಗ್ಗೆ ಹೊರಟರೆ ತೋಟವೆಲ್ಲ ಸುತ್ತಿ ಸಂಜೆ ಮನೆಗೆ ಬರುತ್ತವೆ.

ಪಕ್ಕದ ಮನೆ ಅಕ್ಕ ನೋಡಿ, "ಕೊಕ್ಕರೆ ರೋಗ ಇರಬಹುದು, ಬೇಗ ಮಾರಿಬಿಡು" ಎಂದರು. ಕಾಯಿಲೆ ಇರಬಹುದಾದ ಕೋಳಿಯನ್ನು ಇನ್ನೊಬ್ಬರ ಅಂಗಳಕ್ಕೆ ದಾಟಿಸಲು ನನಗೆ ಮನಸ್ಸಾಗಲಿಲ್ಲ. ಅಲ್ಲದೆ ಆ ರೋಗಕ್ಕೆ ಕೊಡುವ ಎರಡು ಲಸಿಕೆಯೂ ಆಗಿತ್ತು, ಮರಿ ಇದ್ದಾಗಲೇ ಲಸೋಟ ಹನಿ, ಆಮೇಲೆ ಆರ್‌ಟೂಬಿ ಚುಚ್ಚುಮದ್ದು. ಕೊಕ್ಕರೆ ರೋಗದಲ್ಲಿ ಹಸಿರು ನೀರಿನಂಥ ಹಿಕ್ಕೆ, ಉಸಿರಾಡುವಾಗ ಗೊರಗೊರ ಸದ್ದು, ಕತ್ತು ತಿರುಚಿಕೊಳ್ಳುವುದು ಕಾಣಿಸುತ್ತದೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ರೆಕ್ಕೆ ಅಗಲಿಸಿ ನಿಲ್ಲುತ್ತಿದ್ದವು, ಅಷ್ಟೇ.

ಅತ್ತೆ ಜಗಲಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. "ತಟ್ಟೆ ನೋಡಿ ಏನು ಗೊತ್ತಾಗುತ್ತದೆ ಮಗಾ? ಕೊರಳು ಮುಟ್ಟಿ ನೋಡು" ಎಂದರು.

ಕೋಳಿಯ ಕುತ್ತಿಗೆ ಬುಡದಲ್ಲಿ, ಎದೆಗೆ ತಾಗಿ, ಸ್ವಲ್ಪ ಬಲಬದಿಗೆ ಒಂದು ಮೇವಿನ ಚೀಲ ಇರುತ್ತದೆ. ತಿಂದದ್ದು ಮೊದಲು ಅಲ್ಲಿಗೆ ಹೋಗಿ, ನೆನೆದು ಮೆತ್ತಗಾಗಿ, ನಿಧಾನಕ್ಕೆ ಕೆಳಗಿಳಿಯುತ್ತದೆ. ಸಂಜೆ ಗೂಡು ಹತ್ತುವಾಗ ಅದು ತುಂಬಿರಬೇಕು. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಮುಟ್ಟಿದರೆ ಖಾಲಿ ಇರಬೇಕು. ಇದನ್ನು ಎರಡು ಹೊತ್ತೂ ನೋಡಬೇಕು. ಒಂದೇ ಹೊತ್ತು ನೋಡಿದರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ.

ಆ ರಾತ್ರಿ ಟಾರ್ಚ್ ಹಿಡಿದು ಹನ್ನೊಂದನ್ನೂ ಒಂದೊಂದಾಗಿ ಎತ್ತಿದೆ. ಊರ ಕೋಳಿಗಳ ಚೀಲ ಗಟ್ಟಿಯಾಗಿ ತುಂಬಿತ್ತು. ಐದು ಗ್ರಾಮಪ್ರಿಯದ ಚೀಲ ಜೋತುಬಿದ್ದ ಖಾಲಿ ಜೇಬಿನ ಹಾಗಿತ್ತು. ಆರನೆಯದು ಕಂದು ಹೇಂಟೆ. ಅದರದ್ದು ಮಾತ್ರ ತುಂಬಿತ್ತು. ಬೆಳಿಗ್ಗೆ ಐದೂವರೆಗೆ ಮತ್ತೆ ಮುಟ್ಟಿದೆ. ಉಳಿದವೆಲ್ಲ ಖಾಲಿ. ಕಂದು ಹೇಂಟೆಯ ಚೀಲ ರಾತ್ರಿ ಇದ್ದ ಹಾಗೇ, ನಾದಿಟ್ಟ ಹಿಟ್ಟಿನ ಉಂಡೆಯಂತೆ ಇತ್ತು.

ಅಂದರೆ ನನ್ನ ಮುಂದೆ ಇದ್ದದ್ದು ಒಂದು ತೊಂದರೆ ಅಲ್ಲ, ಎರಡು. ಐದು ಕೋಳಿ ತಿನ್ನುತ್ತಿಲ್ಲ. ಒಂದಕ್ಕೆ ತಿಂದದ್ದು ಇಳಿಯುತ್ತಿಲ್ಲ. ಎಲ್ಲಕ್ಕೂ ಒಂದೇ ಔಷಧಿಯನ್ನು ನೀರಿಗೆ ಹಾಕಿಬಿಟ್ಟಿದ್ದರೆ ಯಾವುದೂ ಸರಿಯಾಗುತ್ತಿರಲಿಲ್ಲ.

ಮೊದಲು ಐದರ ಕಥೆ. ಮೇವು ಹಾಳಾಗಿದೆಯಾ ಅಂತ ಅನುಮಾನ ಬಂತು. ಮಳೆಗಾಲದಲ್ಲಾದರೆ ನಾನು ಅದನ್ನೇ ಮೊದಲು ನೋಡುತ್ತಿದ್ದೆ. ನಮ್ಮ ಕಡೆಯ ಜೂನ್, ಜುಲೈಯ ಥಂಡಿಗೆ ಹಿಂಡಿ, ಜೋಳ ಎಲ್ಲ ಬೂಷ್ಟು ಹಿಡಿಯುತ್ತವೆ. ಬೂಷ್ಟಿನ ವಿಷ ಬಿಸಿಲಿಗೆ ಹಾಕಿದರೂ, ಹುರಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತದ್ದು ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯಿಂದ. ಆದರೆ ಇದು ಏಪ್ರಿಲ್. ಮೇವು ಕೈಗೆ ಗರಿಗರಿಯಾಗಿತ್ತು, ವಾಸನೆ ಇರಲಿಲ್ಲ. ಅದೇ ಗೋಣಿಯ ಮೇವನ್ನು ಊರ ಕೋಳಿಗಳೂ ತಿನ್ನುತ್ತಿದ್ದವು.

ಆಮೇಲೆ ನುಸಿ. ತೆಂಗಿನ ನುಸಿ ನಮಗೆಲ್ಲ ಗೊತ್ತಲ್ವಾ, ಕೋಳಿಗೂ ಕೆಂಪು ನುಸಿ ಅಂತ ಇದೆ. ಹಗಲು ಗೂಡಿನ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿ ಸೊರಗಿ, ಜುಟ್ಟು ಬಿಳುಚಿಕೊಳ್ಳುತ್ತದೆ. ರಾತ್ರಿ ಒಂದು ಬಿಳಿ ಬಟ್ಟೆಯಿಂದ ಕೋಳಿ ಕೂರುವ ಕೋಲಿನ ಅಡಿಭಾಗ ಒರೆಸಿದೆ. ನುಸಿ ಇದ್ದರೆ ಬಟ್ಟೆಗೆ ರಕ್ತದ ಗೆರೆ ಹತ್ತುತ್ತದೆ. ಬರೀ ಧೂಳು ಬಂತು.

ಹಾಗಾದರೆ ಬಲೆಯೊಳಗಿನ ಕೋಳಿಗೂ ಹೊರಗಿನ ಕೋಳಿಗೂ ಏನು ವ್ಯತ್ಯಾಸ? ಮೇವು ಒಂದೇ, ರಾತ್ರಿಯ ಗೂಡು ಒಂದೇ. ನೀರು ಬೇರೆ. ಊರ ಕೋಳಿಗಳು ಬಚ್ಚಲ ನೀರು ಹೋಗುವ ಬಾಳೆಬುಡದಲ್ಲಿ ಕುಡಿಯುತ್ತವೆ. ಬಲೆಯೊಳಗೆ ಫ್ಲೋಟ್ ವಾಲ್ವ್ ಇಟ್ಟ ಬೇಸಿನ್ ಇದೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಪೈಪಿನಲ್ಲಿ ನೇರ ಅದಕ್ಕೇ ಬರುತ್ತದೆ. ಯಾವಾಗ ನೋಡಿದರೂ ತುಂಬಿರುತ್ತದೆ. ಹಾಗಾಗಿ ನೀರಿನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಬೇಸಿನ್ನಿಗೆ ಕೈ ಇಳಿಸಿದೆ. ಸ್ನಾನಕ್ಕೆ ಹದ ಮಾಡಿದ ನೀರಿನಷ್ಟು ಬಿಸಿ ಇತ್ತು.

ಸುರಂಗದ ಬಾಯಲ್ಲಿ ನೀರು ತಣ್ಣಗೇ ಇರುತ್ತದೆ. ಹಿಂದೆ ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತರುತ್ತಿದ್ದರಂತೆ. ನಾವು ಹಾಕಿದ್ದು ಕರಿ ಪೈಪು, ಬೋಳು ಮುರಕಲ್ಲಿನ ಮೇಲೆ ಸುಮಾರು 150 ಮೀಟರ್. ಡಿಸೆಂಬರಿನಲ್ಲಿ ನೀರು ಜೋರಾಗಿ ಹರಿಯುವಾಗ ಬಿಸಿಯಾಗಲು ಹೊತ್ತೇ ಸಿಗುವುದಿಲ್ಲ. ಏಪ್ರಿಲಿನಲ್ಲಿ ನೂಲಿನಷ್ಟು ಹರಿವು, ನೀರು ಪೈಪಿನಲ್ಲೇ ಗಂಟೆಗಟ್ಟಲೆ ಇದ್ದು ಬಿಸಿಯಾಗುತ್ತದೆ. ಬೆಳಿಗ್ಗೆ ನಾನು ಮೇವು ಹಾಕುವಾಗ ಅದೇ ನೀರು ತಣ್ಣಗಿರುತ್ತದೆ. ಅದಕ್ಕೇ ಇಷ್ಟು ದಿನ ಕಣ್ಣು ತಪ್ಪಿತು.

ಕೋಳಿ ಬೆವರುವುದಿಲ್ಲ. ಅದರ ಮೈ ಮೊದಲೇ 41 ಡಿಗ್ರಿ ಸುಮಾರು ಬೆಚ್ಚಗಿರುತ್ತದೆ. ಸೆಕೆಯಲ್ಲಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು, ಅದಕ್ಕೆ ನೀರು ಬೇಕು. ಮಾಮೂಲಿ ದಿನದಲ್ಲೇ ತಿಂದದ್ದರ ಎರಡು ಪಟ್ಟು ತೂಕದ ನೀರು ಕುಡಿಯುತ್ತದೆ, ಸೆಕೆಗೆ ಇನ್ನೂ ಜಾಸ್ತಿ. ಬಿಸಿ ನೀರನ್ನು ಅದು ಬಾಯಿಗೆ ಮುಟ್ಟಿಸಿ ಬಿಡುತ್ತದೆ. ನೀರಿಲ್ಲದೆ ಒಣ ಮೇವು ಚೀಲದಲ್ಲಿ ನೆನೆಯುವುದಿಲ್ಲ, ಹಾಗಾಗಿ ಮೇವನ್ನೂ ಬಿಡುತ್ತದೆ. ಸಿಪ್ಪೆ ತೆಳ್ಳಗಾಗುವುದಕ್ಕೂ ಈ ಏದುಸಿರೇ ಒಂದು ಕಾರಣ. ಮೊಟ್ಟೆಸಿಪ್ಪೆಗೆ ಬೇಕಾದ ಅಂಶ ರಕ್ತದಲ್ಲಿ ಕಡಿಮೆಯಾಗುತ್ತದೆ.

ಅವತ್ತೇ ಫ್ಲೋಟ್ ಬಿಚ್ಚಿದೆ. ಎರಡು ಮಣ್ಣಿನ ಬಾನಿ ತಂದು ಹಲಸಿನ ಮರದ ನೆರಳಿಗೆ ಇಟ್ಟು, ದಿನಕ್ಕೆ ಮೂರು ಸಲ ಬಾವಿ ನೀರು ತುಂಬಿಸಿದೆ. ಬಲೆಯ ಪಡುಬದಿಗೆ ಒದ್ದೆ ಗೋಣಿ ಕಟ್ಟಿದೆ. ಮೇವನ್ನು ಬೆಳಿಗ್ಗೆ ಆರಕ್ಕೆ ಅರ್ಧ, ಬಿಸಿಲು ಇಳಿದ ಮೇಲೆ ಅರ್ಧ ಮಾಡಿದೆ. ಮೊದಲ ಬಾನಿ ಇಟ್ಟಾಗ ಐದೂ ಒಟ್ಟಿಗೆ ಬಂದು ನಿಂತವು. ಕೊಕ್ಕು ಅದ್ದಿ, ತಲೆ ಮೇಲೆತ್ತಿ, ಮತ್ತೆ ಅದ್ದಿ, ಎಷ್ಟು ಹೊತ್ತಾದರೂ ನಿಲ್ಲಿಸಲೇ ಇಲ್ಲ. ನನಗೆ ಹೊಟ್ಟೆ ಚುರ್ ಎಂದಿತು. ಮರುದಿನ 200 ಗ್ರಾಂ ಉಳಿಯಿತು. ನಾಲ್ಕನೇ ದಿನ ತಟ್ಟೆ ಖಾಲಿ. ಮೊಟ್ಟೆ ಸರಿಯಾಗಲು ಮಾತ್ರ ಹತ್ತು ದಿನ ಹಿಡಿಯಿತು. ಆಮೇಲೆ ಪೈಪಿನ ಮೇಲೆ ಉದ್ದಕ್ಕೂ ಮಡಲು, ಸೋಗೆ ಮುಚ್ಚಿದೆವು.

ಇನ್ನು ಕಂದು ಹೇಂಟೆ. ಕೊಕ್ಕಿನ ಬದಿಯಿಂದ ಹನಿಹನಿಯಾಗಿ ತೆಂಗಿನೆಣ್ಣೆ ಬಿಟ್ಟು, ಚೀಲವನ್ನು ಮೆಲ್ಲಗೆ ಒತ್ತಿ ಸಡಿಲಿಸಲು ನೋಡಿದೆ. ಕೆಲವರು ಕೋಳಿಯನ್ನು ತಲೆಕೆಳಗು ಹಿಡಿದು ಕಕ್ಕಿಸುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಶ್ವಾಸನಾಳಕ್ಕೆ ಹೋದರೆ ಅಲ್ಲೇ ಸಾಯುತ್ತದೆ. ಒಂದು ದಿನ ಕಾದರೂ ಉಂಡೆ ಕರಗಲಿಲ್ಲ. ಬುಟ್ಟಿಯಲ್ಲಿಟ್ಟು ಮೃಗಾಸ್ಪತ್ರೆಗೆ ಒಯ್ದೆ. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗರಿ ಕಿತ್ತು, ಚೀಲವನ್ನು ಒಂದು ಇಂಚಿನಷ್ಟು ಸೀಳಿದರು. ಒಣಹುಲ್ಲಿನ ಸಿಂಬೆ ಹೊರಬಂತು. ಅದನ್ನು ಬಿಡಿಸಿದಾಗ ನಡುವೆ ಬಿಳಿ ದಾರ ಇತ್ತು.

"ಇದು ಮೇವಿನ ಗೋಣಿಯ ಬಾಯಿ ಹೊಲಿದ ದಾರ ಅಲ್ವಾ?" ಎಂದು ಕೇಳಿದರು.

ಹೌದು, ನಾನೇ ಎಳೆದು ಅಂಗಳಕ್ಕೆ ಬಿಸಾಡಿದ ದಾರ. ಹುಳ ಅಂತ ನುಂಗಿರಬೇಕು. ಹೊಲಿಗೆ ಹಾಕಿಸಿ ತಂದ ಮೇಲೆ ಐದು ದಿನ ತೆಳು ಗಂಜಿಯಲ್ಲಿ ಸಾಕಿದೆ, ರಾತ್ರಿ ಅಡುಗೆಮನೆಯ ಬುಟ್ಟಿಯಲ್ಲೇ ಮಲಗಿಸಿದೆ. ಆರನೇ ದಿನ ಬೆಳಿಗ್ಗೆ ಮುಟ್ಟಿದಾಗ ಚೀಲ ಖಾಲಿ ಇತ್ತು. ಅವತ್ತು ನನಗಾದ ಸಮಾಧಾನ ಹೇಳಲಾರೆ.

ಈಗ ಗೋಣಿ ಬಿಚ್ಚಿದ ಕೂಡಲೇ ದಾರವನ್ನು ಸುತ್ತಿ ಕಿಟಕಿಯ ಮೊಳೆಗೆ ಹಾಕುತ್ತೇನೆ. ಬಸಳೆ ಚಪ್ಪರ ಕಟ್ಟಲಿಕ್ಕೆ ಬರುತ್ತದೆ.