ಶಾಲಾ ಮಕ್ಕಳಿಗೆ ಹಣಕಾಸು ಮತ್ತು ಉದ್ಯೋಗ ಸಿದ್ಧತೆಯ ಪಾಠ: ನನ್ನ ಅನುಭವ

ಉಳಿತಾಯ ಒಳ್ಳೆಯದು ಎಂದು ಮಕ್ಕಳಿಗೆ ಬೋಧಿಸಲು ಹೋಗಬೇಡಿ. ನನ್ನ ಜೊತೆ ತರಗತಿಗೆ ಬರುವ ಹೊಸ ಸ್ವಯಂಸೇವಕರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೇಳಿದರೆ ಮಕ್ಕಳು ಒಕ್ಕೊರಲಿನಿಂದ 'ಉಳಿಸಬೇಕು' ಎನ್ನುತ್ತಾರೆ, ನಮಗೂ ಖುಷಿಯಾಗುತ್ತದೆ, ಆದರೆ ಯಾರೂ ಏನನ್ನೂ ಕಲಿತಿರುವುದಿಲ್ಲ. ಅವರಿಗೆ ರೂಢಿಯಾಗಬೇಕಾದದ್ದು, ಕೈಯಲ್ಲಿರುವ ಹಣ ಎಲ್ಲದಕ್ಕೂ ಸಾಲದಾಗ ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು. ಹಾಗಾಗಿ 45 ನಿಮಿಷದ ಅವಧಿಯಲ್ಲಿ ನಮ್ಮ ಮಾತು ಒಟ್ಟು 10 ನಿಮಿಷ ಮೀರದಂತೆ ನೋಡಿಕೊಳ್ಳುತ್ತೇನೆ.

ನಲವತ್ತು ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು, ಇಬ್ಬರು ಸ್ವಯಂಸೇವಕರು. ತರಗತಿಯ ಶಿಕ್ಷಕರು ಕೊನೆಯವರೆಗೂ ಒಳಗೇ ಇರಬೇಕು, ಇದರಲ್ಲಿ ರಾಜಿ ಇಲ್ಲ. ಯಾವ ಮಗುವಿಗೆ ಓದಲು ಕಷ್ಟ, ಯಾರನ್ನು ಯಾರ ಪಕ್ಕ ಕೂರಿಸಬಾರದು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ. ಹೊರಗಿನಿಂದ ಬಂದವರು ಮಕ್ಕಳೊಂದಿಗೆ ಒಬ್ಬರೇ ಇರುವುದೂ ಸರಿಯಲ್ಲ.

11ರಿಂದ 13 ವರ್ಷದವರಿಗೆ ಬಜೆಟ್ ಆಟದಿಂದ ಶುರು ಮಾಡುತ್ತೇನೆ. ಪ್ರತಿ ಗುಂಪಿಗೆ ರಟ್ಟಿನ 20 ಬಿಲ್ಲೆ ಮತ್ತು ಒಂದು ಖರ್ಚಿನ ಹಾಳೆ. ಹಾಳೆಯಲ್ಲಿ ವಸತಿ, ಊಟ, ಓಡಾಟ, ಬಟ್ಟೆ, ಫೋನ್, ಆರೋಗ್ಯ, ಮನರಂಜನೆ, ಉಳಿತಾಯ ಎಂಬ ಸಾಲುಗಳು. ಪ್ರತಿಯೊಂದಕ್ಕೂ ಅಗ್ಗದ, ಮಧ್ಯಮ, ದುಬಾರಿ ಎಂಬ ಮೂರು ಆಯ್ಕೆ. ಆಟದ ಜೀವಾಳವೆಲ್ಲ ಹಾಳೆಯ ಲೆಕ್ಕದಲ್ಲಿದೆ. ಎಲ್ಲದರಲ್ಲೂ ಅಗ್ಗದ್ದನ್ನೇ ಆರಿಸಿದರೆ ಸುಮಾರು 13 ಬಿಲ್ಲೆ ಆಗಬೇಕು. ಅದು 8ಕ್ಕೆ ಇಳಿದರೆ ಯಾರೂ ಏನನ್ನೂ ಬಿಡಬೇಕಾಗಿಲ್ಲ, 19ಕ್ಕೆ ಏರಿದರೆ ಆರಿಸಲು ಏನೂ ಉಳಿಯುವುದಿಲ್ಲ. ಹತ್ತು ನಿಮಿಷದ ನಂತರ ಪ್ರತಿ ಗುಂಪೂ ಒಂದು ಚೀಟಿ ಎತ್ತುತ್ತದೆ: ಫೋನ್ ಕೆಟ್ಟಿತು, 3 ಬಿಲ್ಲೆ ಕೊಡಿ, ಕೆಲಸದ ಗಂಟೆ ಕಡಿಮೆಯಾಯಿತು, 4 ಬಿಲ್ಲೆ ಹಿಂದಿರುಗಿಸಿ. ಆ ಹೊತ್ತಿಗೆ ಗದ್ದಲವಾದರೆ ಆಗಲಿ. ಉಳಿತಾಯದ ಸಾಲಿನಲ್ಲಿ ಬಿಲ್ಲೆ ಇಟ್ಟ ಗುಂಪು ಯಾಕೆ ಸುಮ್ಮನಿದೆ ಎಂಬುದನ್ನು ಉಳಿದವರು ತಾವಾಗಿಯೇ ಗಮನಿಸುತ್ತಾರೆ.

ಆಟ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಗುಂಪಿನಲ್ಲಿ ದನಿ ಜೋರಿರುವವರೇ ಎಲ್ಲ ಬಿಲ್ಲೆಗಳನ್ನೂ ಇಡುತ್ತಾರೆ. ಅದಕ್ಕೆ ತಲೆಗೆ ನಾಲ್ಕು ಬಿಲ್ಲೆ ಹಂಚಿ, ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ ಎನ್ನುತ್ತೇನೆ. ಆಗ ಮೌನವಾಗಿ ಕೂತವರನ್ನೂ ಒಪ್ಪಿಸಬೇಕಾಗುತ್ತದೆ. ಇನ್ನೊಂದು ಎಚ್ಚರ: ನಿಮ್ಮ ಮನೆಯಲ್ಲಿ ಎಷ್ಟು ಆದಾಯ, ಸಾಲ ಇದೆಯೇ ಎಂದು ಮಕ್ಕಳನ್ನು ಎಂದಿಗೂ ಕೇಳಬಾರದು. ಕಷ್ಟದಲ್ಲಿರುವ ಮನೆಯ ಮಗು ಆ ಕ್ಷಣವೇ ಪಾಠದಿಂದ ಹೊರಗೆ ಹೋಗಿಬಿಡುತ್ತದೆ. ಎಲ್ಲ ಲೆಕ್ಕವೂ ಕಲ್ಪಿತ ಕುಟುಂಬದ ಮೇಲೇ ನಡೆಯಲಿ.

14 ದಾಟಿದವರಿಗೆ ನಾನು ಹೆಚ್ಚು ಸಮಯ ಕೊಡುವುದು ಸಾಲಕ್ಕೆ. ಉಳಿತಾಯ ತಪ್ಪಿದರೆ ನಷ್ಟ ನಿಧಾನ, ಸಾಲ ತಪ್ಪಿದರೆ ಹಾಗಲ್ಲ. 1200ರ ಸಾಲ, 12 ತಿಂಗಳು, ನೂರಕ್ಕೆ 10 ಫ್ಲಾಟ್ ಬಡ್ಡಿ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಫ್ಲಾಟ್ ಎಂದರೆ ಎಷ್ಟು ತೀರಿಸಿದರೂ ಮೊದಲು ಪಡೆದ ಪೂರ್ತಿ ಸಾಲದ ಮೇಲೇ ಹಾಕುವ ಬಡ್ಡಿ. ಬಡ್ಡಿ 120, ಅಂದರೆ ತಿಂಗಳಿಗೆ 10. ಸಾಲಗಾರನಾದ ವಿದ್ಯಾರ್ಥಿಯ ಕೈಗೆ ನೂರರ 12 ಬಿಲ್ಲೆ. ಪ್ರತಿ ತಿಂಗಳೂ ಒಂದು ಬಿಲ್ಲೆ ವಾಪಸು, ಜೊತೆಗೆ ಬಡ್ಡಿಯ 10. ಉಳಿದವರು ಆಯಾ ತಿಂಗಳ ಆರಂಭದಲ್ಲಿ ಅವನ ಬಳಿ ಎಷ್ಟಿತ್ತೆಂದು ಬರೆಯುತ್ತಾ ಹೋಗುತ್ತಾರೆ: 1200, 1100, 1000... ಒಂಬತ್ತನೆಯದೋ ಹತ್ತನೆಯದೋ ತಿಂಗಳಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: 'ಕೈಯಲ್ಲಿರುವುದು ಮುನ್ನೂರು, ಬಡ್ಡಿ ಮಾತ್ರ ಇನ್ನೂ ಹತ್ತೇ ಯಾಕೆ?' ಆ ಪ್ರಶ್ನೆ ಬರುವವರೆಗೆ ನಾನು ಬಾಯಿ ಬಿಡುವುದಿಲ್ಲ. ಬಂದ ಮೇಲೆ ಹನ್ನೆರಡೂ ಸಂಖ್ಯೆಗಳನ್ನು ಕೂಡಿಸಿದರೆ 7800, ಹನ್ನೆರಡರಿಂದ ಭಾಗಿಸಿದರೆ 650. ವರ್ಷವಿಡೀ ಸರಾಸರಿ ಕೈಯಲ್ಲಿದ್ದದ್ದು ಅಷ್ಟೇ. 650ಕ್ಕೆ 120 ಬಡ್ಡಿ ಎಂದರೆ ನೂರಕ್ಕೆ 18ಕ್ಕಿಂತ ಹೆಚ್ಚು. ಬೋರ್ಡಿನ ಮೇಲಿನ ಹತ್ತು ಎಂಬ ಅಂಕಿ ಆಗ ಬೇರೆಯಾಗಿಯೇ ಕಾಣುತ್ತದೆ. ಕ್ಯಾಲ್ಕುಲೇಟರ್ ಧಾರಾಳವಾಗಿ ಬಳಸಲಿ. ಇಲ್ಲಿ ಸೂತ್ರ ಬರೆದ ಕೂಡಲೇ ಗಣಿತಕ್ಕೆ ಹೆದರುವ ಮಕ್ಕಳು ಪೆನ್ನು ಕೆಳಗಿಡುತ್ತಾರೆ.

ಚಕ್ರಬಡ್ಡಿಗೆ 72ರ ನಿಯಮ ಸಾಕು. ಇಟಲಿಯ ಲೂಕಾ ಪಾಚೋಲಿ 1494ರಲ್ಲೇ ಬರೆದಿಟ್ಟ ಲೆಕ್ಕ ಅದು. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗುವ ವರ್ಷ ಸಿಗುತ್ತದೆ: ನೂರಕ್ಕೆ 6 ಆದರೆ 12 ವರ್ಷ, 24 ಆದರೆ ಸುಮಾರು 3 ವರ್ಷ. ದರ ತೀರಾ ಹೆಚ್ಚಾದರೆ ಈ ಅಂದಾಜು ತಪ್ಪುತ್ತದೆ ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಚುರುಕಾದ ವಿದ್ಯಾರ್ಥಿ ನೂರಕ್ಕೆ 72 ಹಾಕಿ ನೋಡಿ, ವರ್ಷಕ್ಕೆ 172 ಮಾತ್ರ ಆಯಿತಲ್ಲ ಎಂದು ಕೇಳಿದಾಗ ಸ್ವಯಂಸೇವಕರು ತಡವರಿಸುತ್ತಾರೆ.

ಉದ್ಯೋಗ ಸಿದ್ಧತೆಯಲ್ಲಿ ಅಣಕು ಸಂದರ್ಶನಕ್ಕಿಂತ ಫಲ ಕೊಡುವುದು ಇನ್ನೊಂದಿಲ್ಲ. ಮೂವರ ತಂಡ: ಒಬ್ಬ ಪ್ರಶ್ನಿಸುವವ, ಒಬ್ಬ ಅಭ್ಯರ್ಥಿ, ಒಬ್ಬ ಬರೆದುಕೊಳ್ಳುವವ. ನಾಲ್ಕು ನಿಮಿಷ ಸಂದರ್ಶನ, ಎರಡು ನಿಮಿಷ ಅಭಿಪ್ರಾಯ, ನಂತರ ಜಾಗ ಬದಲು. ಮೂರು ಸುತ್ತಿಗೆ 18 ನಿಮಿಷ. 'ನಾನು ಶ್ರಮಜೀವಿ' ಎಂಬ ಉತ್ತರ ಬಂದರೆ ಪ್ರಶ್ನಿಸುವವರು 'ಯಾವಾಗ, ಏನು ಮಾಡಿದಿರಿ?' ಎಂದು ಕೇಳಲೇಬೇಕು. ಅನುಭವವೇ ಇಲ್ಲ ಎನ್ನುವ ಮಕ್ಕಳಿಗೆ ತಮ್ಮಂದಿರನ್ನು ನೋಡಿಕೊಂಡದ್ದು, ಶಾಲೆಯ ಕಾರ್ಯಕ್ರಮದ ಲೆಕ್ಕ ಇಟ್ಟದ್ದು ಅನುಭವವೇ ಎಂದು ಅಲ್ಲಿ ತಿಳಿಯುತ್ತದೆ. ಅರ್ಜಿ ತುಂಬಿಸುವಾಗ ಮೂರನ್ನು ನೋಡುತ್ತೇನೆ: ಹೆಸರು ಪ್ರಮಾಣಪತ್ರದಲ್ಲಿರುವಂತೆಯೇ ಇದೆಯೇ, ಫೋನ್ ಸಂಖ್ಯೆಯ ಅಂಕಿಗಳು ಸರಿಯಿವೆಯೇ, ಖಾಲಿ ಬಿಟ್ಟ ಜಾಗ ಇದೆಯೇ. ಕೆಲಸ ಕೊಡಲು ಮುಂಗಡ ಹಣವನ್ನೋ ಒಟಿಪಿಯನ್ನೋ ಕೇಳುವವರು ಮೋಸಗಾರರು ಎಂಬುದನ್ನು ಇದೇ ತರಗತಿಯಲ್ಲಿ ಹೇಳಿಬಿಡುತ್ತೇನೆ.

ಸ್ವಯಂಸೇವಕರು ತಮ್ಮ ಉದ್ಯೋಗದ ಬಗ್ಗೆ ಮಾತಾಡುವಾಗ ಯಶಸ್ಸಿನ ಕಥೆ ಬೇಡ. ಬೆಳಿಗ್ಗೆ ಕೆಲಸಕ್ಕೆ ಹೋದ ಮೊದಲ ಎರಡು ಗಂಟೆ ನಿಜವಾಗಿ ಏನು ಮಾಡುತ್ತಾರೆ, ಅದನ್ನು ಯಾರಿಂದ ಕಲಿತರು, ಇಷ್ಟು ಹೇಳಿದರೆ ಮಕ್ಕಳೇ ಪ್ರಶ್ನೆ ಕೇಳುತ್ತಾರೆ.

ತಿಂಗಳ ನಂತರ 20 ನಿಮಿಷಕ್ಕೆ ಮತ್ತೆ ಹೋಗುತ್ತೇನೆ. ಅಂಕಿ ಬದಲಿಸಿದ ಸಾಲದ ಲೆಕ್ಕ: 2400, ಒಂದು ವರ್ಷ, ನೂರಕ್ಕೆ 8 ಫ್ಲಾಟ್. 'ಎಂಟೇ ತಾನೇ?' ಎಂದರೆ ಬಿಲ್ಲೆಗಳನ್ನು ಮತ್ತೆ ಹೊರತೆಗೆಯಬೇಕು. 'ಸರಾಸರಿ ಕೈಯಲ್ಲಿ ಎಷ್ಟಿರುತ್ತದೆ?' ಎಂದು ಮೊದಲು ಕೇಳಿದ ಗುಂಪಿಗೆ ಎರಡು ಸಾಲಗಳನ್ನು ಹೋಲಿಸುವ ಹಾಳೆ ಕೊಡುತ್ತೇನೆ.